ಮುಟ್ಟಿತು ಎಂದವರು ಯಾರು?

ಹೊನ್ನಾವರದ ಆಚೆಯ ಸಮುದ್ರ, ಏಳನೆಯ ಸಾಲು
ಫೆಬ್ರವರಿ ೩೦, ೨೨೧೧

ಮೊದಲ ಜಾಲ ಕಟ್ಟಿದ ಹಿರಿಯರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ರಜೆ ಎಂದು ಬಿಟ್ಟುಬಿಡುತ್ತೇವೆ. ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಅದಕ್ಕೂ ಕ್ಷಮಿಸಿ. ನಾನು ಇದನ್ನು ಬರೆಯುತ್ತಿಲ್ಲ. ಪಾಳಿ ಮುಗಿಸಿ ಬಂದು, ಕೂರಲಾಗದೆ, ಮಾತು ದಾಟಿಸುವ ಪೆಟ್ಟಿಗೆಯ ಮುಂದೆ ಅತ್ತಿಂದಿತ್ತ ಓಡಾಡುತ್ತ ಹೇಳುತ್ತಿದ್ದೇನೆ. ಅದು ಬರಹಕ್ಕೆ ಇಳಿಸುತ್ತಿದೆ. ಕುಷ್ಟಗಿ ಕಡೆಯ ನನ್ನ ಮಾತನ್ನು ಅದು ತನಗೆ ತಿಳಿದಂತೆ ಪುಸ್ತಕದ ಕನ್ನಡಕ್ಕೆ ತಿದ್ದುತ್ತದೆ. ನನ್ನದನ್ನು ಏನಾದರೂ ಮಾಡಿಕೋ, ಬೇರೆಯವರು ಆಡಿದ್ದನ್ನು ಮಾತ್ರ ಮುಟ್ಟಬೇಡ ಎಂದು ಹೇಳಿದ್ದೇನೆ.

ನೀವು ಕೇಳಿದ್ದಿರಿ, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಜಾಲದ ಮೊದಲ ನಿಯಮಗಳನ್ನು ಬರೆದವರು ಇನ್ನೂ ಓದುತ್ತಿದ್ದ ಹುಡುಗರಂತೆ. ಯಾರೋ ದೊಡ್ಡವರು ಬಂದು ಇದನ್ನೆಲ್ಲ ಸರಿಯಾಗಿ ಬರೆಯುತ್ತಾರೆ ಎಂದು ಅವರು ಕಾದರಂತೆ, ಯಾರೂ ಬರಲಿಲ್ಲವಂತೆ. ನಿಯಮ ಎಂದು ಹೆಸರಿಡಲು ಹೆದರಿಕೆಯಾಗಿ ಆ ಕಾಗದಗಳನ್ನು 'ನಿಮ್ಮ ಅಭಿಪ್ರಾಯ ತಿಳಿಸಿ' ಎಂದು ಕರೆದರು. ಯಾವಾಗಿನೊಳಗೆ ತಿಳಿಸಬೇಕು ಎಂದು ಹೇಳಲಿಲ್ಲ. ಹಾಗಾಗಿ ನಮ್ಮ ಸಾಲಿನಲ್ಲಿ ಒಂದು ಪದ್ಧತಿ ಬೆಳೆದಿದೆ: ಪೆಟ್ಟಿಗೆ ಕೈಕೊಟ್ಟರೆ, ರಿಪೇರಿಗೆ ಕೈಹಾಕುವ ಮುಂಚೆ ನಿಮಗೊಂದು ಮಾತು ಹೇಳಬೇಕು. ಬಹಳ ಜನ ಎರಡು ವಾಕ್ಯದಲ್ಲಿ ಬೈದು ಮುಗಿಸುತ್ತಾರೆ. ನನ್ನದು ಅಷ್ಟಕ್ಕೆ ಮುಗಿಯುವುದಿಲ್ಲ.

ನನ್ನ ಹೆಸರು ಹುಲುಗಪ್ಪ, ವಯಸ್ಸು ಇಪ್ಪತ್ತಮೂರು. ಗಾಳಿಕಂಬ ಹತ್ತುವುದು ನಮ್ಮ ಕಡೆಯವರ ಕಸುಬು. ನಿಮ್ಮ ಕಾಲದಲ್ಲೇ ಗದಗ, ಕುಷ್ಟಗಿಯ ಎರೆಹೊಲಗಳಲ್ಲಿ ಮೂರು ರೆಕ್ಕೆಯ ಕಂಬಗಳು ನಿಂತಿದ್ದವಂತೆ. ಅವನ್ನು ಹತ್ತಿ ಎಣ್ಣೆ ಬಿಡಲು ಕಲಿತವರ ಮಕ್ಕಳೂ ಮೊಮ್ಮಕ್ಕಳೂ ಅದನ್ನೇ ಮಾಡಿದರು. ಕಂಬಗಳು ಸಮುದ್ರಕ್ಕೆ ಇಳಿದಾಗ ಅವುಗಳ ಹಿಂದೆ ನಾವೂ ಇಳಿದೆವು. ಹೊನ್ನಾವರದ ದಡದಿಂದ ಇಲ್ಲಿಗೆ ಒಂದು ಹಗಲಿನ ದಾರಿ. ಕಂಬಕ್ಕೊಂದು ಕಟ್ಟೆ, ಕಟ್ಟೆಯ ಮೇಲೊಂದು ಕೋಣೆ, ಕೋಣೆಗೆ ಒಬ್ಬರೋ ಇಬ್ಬರೋ. ನೀರಿಗಿಳಿದು ಕಂಬದ ಕಾಲಿಗೆ ಅಂಟಿದ ಚಿಪ್ಪು ಕೆರೆಯುವುದು ಒಂದು ಪಾಳಿ, ಮೇಲೆ ಹತ್ತಿ ಎಣ್ಣೆ ಬದಲಿಸುವುದು ಇನ್ನೊಂದು. ಕುಡಿಯುವ ನೀರು ಮಂಜುಬಲೆಯಿಂದ ಬರುತ್ತದೆ, ಅಂದರೆ ಕತ್ತಲಾದ ಮೇಲೆ ಹರಡಿ ಬೆಳಿಗ್ಗೆ ಹಿಂಡುವ ಒಂದು ಬಟ್ಟೆಯಿಂದ. ರೊಟ್ಟಿ ಪಾಚಿಹಿಟ್ಟಿನದು. ಬಡಿಯುವಾಗ ಜೋಳದ ಹಿಟ್ಟಿನ ಹಾಗೆ ಅಂಚು ಬಿರಿಯುವುದಿಲ್ಲ, ಅದೇ ನಮಗೆ ಬೇಸರ. ಮೊಹರಂನಲ್ಲಿ ದೊಡ್ಡ ಕಟ್ಟೆಯ ಮೇಲೆ ಸೇರಿ ಬೆಂಕಿಯ ಸುತ್ತ ಅಲಾಯಿ ಕುಣಿಯುತ್ತೇವೆ. ಕುಣಿ ತೋಡಿ ಬೆಂಕಿ ಹಾಕಲು ನೆಲವಿಲ್ಲ, ತಗಡಿನ ಡ್ರಮ್ಮಿನಲ್ಲಿ ಹಾಕುತ್ತೇವೆ. ರೆಕ್ಕೆಯ ಸದ್ದು ಎಂದೂ ನಿಲ್ಲುವುದಿಲ್ಲ. ಊರಿಗೆ ಮರಳಿದವರಿಗೆ ಆ ಸದ್ದಿಲ್ಲದೆ ನಿದ್ದೆ ಹತ್ತುವುದಿಲ್ಲವಂತೆ. ನಾನು ಇನ್ನೂ ಮರಳಿಲ್ಲ, ಗೊತ್ತಿಲ್ಲ.

ಮಾತು ಕಳಿಸಲು ಕಂಪನಿಯ ಆವರಣವಿದೆ. ಆವರಣವೆಂದರೆ ನಿಮ್ಮ ಇಂಟರ್‌ನೆಟ್ಟಿನ ಮೊಮ್ಮಗ. ಅಜ್ಜನ ಮುಖ ಮಾತ್ರ ಬಂದಿಲ್ಲ. ಒಂದು ಆವರಣದವರು ಇನ್ನೊಂದು ಆವರಣದವರಿಗೆ ಮಾತು ಕಳಿಸುವಂತಿಲ್ಲ. ಒಳಗೆ ಆಡಿದ್ದನ್ನೆಲ್ಲ ಅದು ಮೊದಲು ತಾನು ಕೇಳಿ, ಬೇಕಾದರೆ ತಿದ್ದಿ, ಬೇಕಾದರೆ ತಡೆದು ಮುಂದೆ ಬಿಡುತ್ತದೆ. ಒಮ್ಮೆ ನಾನು ತಂಗಿಗೆ ಮೈಕೈ ಎಲ್ಲ ನೋಯುತ್ತಿದೆ ಎಂದು ಹೇಳಿದ್ದು, ಆರಾಮಾಗಿದ್ದೇನೆ ಎಂದು ಅವಳಿಗೆ ಸೇರಿತ್ತು. ನನ್ನದೇ ದನಿಯಲ್ಲಿ. ಇಂಥವಕ್ಕೆ ರೋಸಿ ನಮ್ಮ ಹಿಂದಿನ ತಲೆಮಾರಿನವರು ಆಗಲೇ ನಿಮ್ಮ ಹಳೆಯ ಕಾಗದಗಳನ್ನು ಹುಡುಕಿ ತೆಗೆದು ತಮ್ಮದೇ ಜಾಲ ಕಟ್ಟಿದರು. ಕಂಬಕ್ಕೊಂದು ದಾಟುಪೆಟ್ಟಿಗೆ. ರೊಟ್ಟಿ ಬುಟ್ಟಿಯಷ್ಟಿರುತ್ತದೆ, ನಿಮ್ಮದು ಬೀರುವಿನಷ್ಟಿತ್ತಂತೆ. ಅದು ನನ್ನ ಮಾತನ್ನು ಚೂರು ಮಾಡಿ, ಚೂರಿಗೊಂದು ವಿಳಾಸ ಹಚ್ಚಿ, ಪಕ್ಕದ ಕಂಬಕ್ಕೆ ದಾಟಿಸುತ್ತದೆ, ಪಕ್ಕದ್ದು ಅದರ ಪಕ್ಕದ್ದಕ್ಕೆ. ಚೂರುಗಳು ಬೇರೆ ಬೇರೆ ದಾರಿ ಹಿಡಿದರೂ ಸೇರಬೇಕಾದಲ್ಲಿ ಸೇರಿ ಮತ್ತೆ ಮಾತಾಗುತ್ತವೆ. ನಡುವೆ ಯಾರೂ ತೆರೆದು ನೋಡುವುದಿಲ್ಲ. ನಡುವಿನವನು ದಡ್ಡನಾಗಿರಬೇಕು, ಬುದ್ಧಿಯೆಲ್ಲ ಎರಡು ತುದಿಯಲ್ಲಿರಬೇಕು ಎಂದು ನೀವು ಬಯಸಿದ್ದಿರಂತೆ. ಕೇಳಿದಾಗ ಇಂಥ ಜನ ಇದ್ದರೇ ಅನ್ನಿಸಿತ್ತು.

ಇದನ್ನೆಲ್ಲ ನನಗೆ ಕಲಿಸಿದವಳು ಶರೀಫಾಬಿ, ನಮ್ಮ ಸಾಲಿನ ಪೆಟ್ಟಿಗೆಗಳನ್ನೆಲ್ಲ ನೋಡಿಕೊಳ್ಳುವ ಹಿರಿಯಳು. ಅವಳು ಕಲಿಸುವುದೆಂದರೆ ನಿಮ್ಮ ಕತೆ ಹೇಳುವುದು. ಮೊದಲ ವರ್ಷ ನಾಲ್ಕೇ ಯಂತ್ರ. ಆಮೇಲೆ ಬೆಳೆದ ಜಾಲದ ಎಲ್ಲ ಯಂತ್ರಗಳ ಹೆಸರನ್ನೂ ಒಂದೇ ಕಚೇರಿ ಇಟ್ಟುಕೊಂಡಿತ್ತು. ಹೊಸ ಯಂತ್ರ ತಂದವರು ಕಚೇರಿ ತೆರೆದಿರುವ ಹೊತ್ತಿಗೆ ಫೋನು ಮಾಡಿ ಹೆಸರು ಹೇಳಬೇಕಿತ್ತು. ಒಂದು ಹೊಸ ವರ್ಷದ ದಿನ ಯಂತ್ರಗಳೆಲ್ಲ ಹಳೆಯ ಭಾಷೆ ಬಿಟ್ಟು ಹೊಸ ಭಾಷೆ ಹಿಡಿಯಬೇಕೆಂದು ಗೊತ್ತಾಯಿತು. ಪರಿಚಯವೇ ಇಲ್ಲದ ಜಾಲಗಳಿಗೆ ಒಂದಕ್ಕೊಂದು ಗಂಟು ಬಿದ್ದದ್ದು ಆ ಭಾಷೆಯಿಂದ. ನಮ್ಮ ದೇಶದಲ್ಲಿ ಮೊದಲು ಕೆಲವೇ ವಿದ್ಯಾಸಂಸ್ಥೆಗಳ ನಡುವೆ ಟೆಲಿಫೋನ್ ತಂತಿಯ ಮೇಲೆ ಅದು ಓಡಾಡಿತು. ಮುಂದೆ ಸಣ್ಣ ಊರುಗಳಲ್ಲೂ ಪ್ಲೈವುಡ್ಡಿನ ಗೂಡುಗಳ ಸೈಬರ್ ಕೆಫೆ ತೆರೆದವು. ತಂತಿ ಕೂಡುವಾಗ ಯಂತ್ರ ಅರಚುತ್ತಿತ್ತಂತೆ. ಶರೀಫಾಬಿ ಆ ಅರಚುವಿಕೆಯನ್ನು ಬಾಯಲ್ಲೇ ಮಾಡಿ ತೋರಿಸುತ್ತಾಳೆ. ಅವಳ ಅಜ್ಜಿ ಅವಳಿಗೆ ಮಾಡಿ ತೋರಿಸಿದ್ದಳಂತೆ. ನಾವು ನಕ್ಕರೆ, "ಹಲ್ಲ ಕಿಸಿಬ್ಯಾಡ್ರಲೇ, ಈ ಸಪ್ಪಳ ಕೇಳಾಕ ಮಂದಿ ಸಾಲಾಗಿ ನಿಂದರ್ತಿದ್ರು" ಎನ್ನುತ್ತಾಳೆ.

ಇನ್ನು ಎರಡು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೊದಲನೆಯದು ನಿಮ್ಮಿಂದ ಬಂದದ್ದು, ದೂರ ಹೇಳುವುದು. ಪ್ರತಿ ಪೆಟ್ಟಿಗೆ ಆಗಾಗ ಪಕ್ಕದ ಪೆಟ್ಟಿಗೆಗಳಿಗೆ ಕೂಗುತ್ತದೆ: ಇಂಥ ಕಂಬ ನನ್ನಿಂದ ಇಷ್ಟು ದೂರ. ಪಕ್ಕದವು ಅದನ್ನು ನಂಬಿ, ಯಾರ ಮೂಲಕ ಹೋದರೆ ಹತ್ತಿರವೋ ಅವರ ಕೈಗೆ ಮಾತು ಕೊಡುತ್ತವೆ. ಹೌದೋ ಅಲ್ಲವೋ ಎಂದು ಯಾರೂ ಅಳೆಯುವುದಿಲ್ಲ. ಎರಡನೆಯದು ನಮ್ಮದೇ. ಮಾತು ಸೇರಿದ ಮೇಲೆ, ಸೇರಿದವರ ಪೆಟ್ಟಿಗೆ 'ಮುಟ್ಟಿತು' ಎಂದು ಹಿಂದಕ್ಕೆ ಹೇಳಬೇಕು. ಆಗ ಕಳಿಸಿದವರ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತುತ್ತದೆ. ಆದರೆ ಚಿಪ್ಪು ಕೆರೆಯಲು ನೀರಿಗಿಳಿಯುವವರು ಪೆಟ್ಟಿಗೆ ಆರಿಸಿ ಇಳಿಯುತ್ತಾರೆ. ಕಳಿಸಿದವರು ದೀಪ ನೋಡುತ್ತ ಕೂರಬೇಕಾಗುತ್ತಿತ್ತು. ಪಾಪ ಎಂದು ನಮ್ಮ ಹಿರಿಯರು ಒಂದು ಉಪಕಾರ ರೂಢಿಗೆ ತಂದರು: ದಾರಿಯಲ್ಲಿರುವ ಕಂಬದವರು ಅವರ ಪರವಾಗಿ 'ಮುಟ್ಟಿತು' ಎಂದುಬಿಡಬಹುದು, ಆಮೇಲೆ ಮುಟ್ಟಿಸಿದರಾಯಿತು. ಬಾಗಿಲು ಹಾಕಿದ ಪಕ್ಕದ ಮನೆಯ ಪಾರ್ಸಲ್ಲನ್ನು ನಾವು ಇಸಿದುಕೊಂಡು ಇಡುವ ಹಾಗೆ. ಒಮ್ಮೆಯೂ ಯಾರದೂ ಕಳೆದಿರಲಿಲ್ಲ.

ಸಾಲಿನ ನಟ್ಟನಡುವಿನ ಕಂಬ, ನನ್ನ ಪಕ್ಕದ್ದು, ಯಂಕೋಬನದು. ನನಗಿಂತ ಹತ್ತು ವರ್ಷ ದೊಡ್ಡವನು, ನಮ್ಮ ಕಡೆಯವನೇ. ನಾನು ಬಂದ ಹೊಸತರಲ್ಲಿ ಅರ್ಧ ಏಣಿ ಹತ್ತಿ ಅದನ್ನೇ ತಬ್ಬಿ ನಿಂತಾಗ ಮೇಲಿನಿಂದ ಬಗ್ಗಿ, "ಏ ಹುಲುಗ್ಯಾ, ಕೆಳಗ ನೋಡಬ್ಯಾಡ, ನನ್ನ ಮಾರಿ ನೋಡು. ಇದನ್ನ ನೋಡಿದ ಮ್ಯಾಲ ಸಮುದ್ರ ಏನೂ ಅನ್ಸೂದಿಲ್ಲ" ಎಂದು ನಗಿಸಿ ಹತ್ತಿಸಿದವನು ಅವನೇ. ಊರಿಂದ ಗುರೆಳ್ಳು ಚಟ್ನಿ ಬಂದರೆ ಮೊದಲ ತುತ್ತು ನನಗೆ ಕೊಡುತ್ತಿದ್ದ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ.

ನನ್ನ ತಂಗಿ ಗಾಳೆವ್ವ ಸಾಲಿನ ಹೊರತುದಿಯ ಕಂಬದಲ್ಲಿದ್ದಳು. ಕಳೆದ ಹಂಗಾಮಿನಲ್ಲಿ ಕಂಪನಿಯವರು ಹೊರತುದಿಯವರನ್ನೆಲ್ಲ ಒಮಾನಿನ ಆಚೆಯ ಹೊಸ ಸಾಲುಗಳಿಗೆ ಒಯ್ಯುತ್ತೇವೆ ಎಂದರು. ಅಲ್ಲಿಗೆ ಹೋದವರು ಹತ್ತು ವರ್ಷ ಮರಳುವಂತಿಲ್ಲ. ತಪ್ಪಿಸಿಕೊಳ್ಳಲು ಒಂದೇ ದಾರಿ: ಇದೇ ಸಾಲಿನಲ್ಲಿರುವ ಒಡಹುಟ್ಟಿದವರು ಹಡಗು ಬರುವ ಮುಂಚೆ ನನ್ನ ಕೋಣೆಗೆ ಬಾ ಎಂದು ಕರೆಯಬೇಕು. ಕರೆ ಬಂದವರನ್ನು ಒಯ್ಯುವಂತಿಲ್ಲ. ಅವಳ ಮಾತು ಬಂತು. "ಅಣ್ಣಾ, ನಾ ಆ ಸಮುದ್ರಕ್ಕ ಹೋಗಂಗಿಲ್ಲ. ನಿನ್ನ ಕ್ವಾಣ್ಯಾಗ ಒಂದು ಮೂಲಿ ಕೊಡು. ಗೊರಕಿ ಹೊಡಿತಿ ಅಂತ ಬಯ್ಯಂಗಿಲ್ಲ, ನಿನ್ನಾಣಿ. ಬಾ ಅಂತ ಒಂದ ಮಾತು ಕಳಸು, ಅದನ್ನ ತೋರಿಸಿ ಇಳಿತೀನಿ."

ನಾನು ಪಾಳಿಯ ಬಟ್ಟೆಯನ್ನೂ ಬಿಚ್ಚದೆ ಹೇಳಿದೆ: "ಬಾರವ್ವಾ. ಮೂಲಿ ಯಾಕ, ಅರ್ಧ ಕ್ವಾಣಿನ ನಿಂದು." ಹಸಿರು ದೀಪ ಹತ್ತಿತು. ನಾನು ಕೋಣೆ ತೊಳೆದೆ. ರೆಕ್ಕೆಗೆ ಹೊದಿಸುವ ಹರಿದ ಬಟ್ಟೆ ತಂದು ನಡುವೆ ಪರದೆ ಕಟ್ಟಿದೆ. ಅವಳಿಗೆ ತಲೆ ಬಾಚಲು ಕನ್ನಡಿ ಬೇಕಾಗುತ್ತದೆ ಎಂದು ಗೋಡೆಗೆ ಮೊಳೆ ಹೊಡೆದೆ. ಹಡಗು ಬಂದ ದಿನ ಕಟ್ಟೆಯ ಅಂಚಿನಲ್ಲಿ ನಿಂತು ನೋಡಿದೆ. ಮೊದಲೇ ಕರೆ ಸಿಕ್ಕು ಇಳಿದುಕೊಂಡವರನ್ನು ಹೊತ್ತ ಸಣ್ಣ ದೋಣಿ ಒಂದೊಂದೇ ಕಂಬಕ್ಕೆ ಜನರನ್ನು ಇಳಿಸುತ್ತ ಬಂತು, ನನ್ನ ಕಂಬದ ಬಳಿ ನಿಲ್ಲಲೇ ಇಲ್ಲ. ಹಡಗು ಹೋಯಿತು.

ದೀಪ ಹತ್ತಿತ್ತಲ್ಲ, ಅವಳಿಗೆ ಸೇರಿದೆ. ಸೇರಿಯೂ ಬರಲಿಲ್ಲವೆಂದರೆ ಅವಳೇ ಮನಸ್ಸು ಬದಲಿಸಿದ್ದಾಳೆ, ನನಗೊಂದು ಮಾತೂ ಹೇಳದೆ. ಹಾಗೆಂದು ನಂಬಿದೆ. ಸಿಟ್ಟಿಗೆ ಪರದೆ ಕಿತ್ತು ಎಣ್ಣೆ ಒರೆಸಲು ಬಳಸಿದೆ. ಯಂಕೋಬ ಬಂದು ಪಕ್ಕದಲ್ಲಿ ಕೂತ. ನನ್ನ ರೊಟ್ಟಿಯನ್ನೇ ಮುರಿದು ನನ್ನ ಬಾಯಿಗಿಟ್ಟ. "ಹೋಗ್ಲಿ ಬಿಡೋ ತಮ್ಮಾ. ಹೊಸಾ ಸಮುದ್ರ ನೋಡಬೇಕು ಅನಿಸಿರಬೇಕು ಅಕಿಗೆ. ನೀ ಉಣ್ಣು." ನಾನು ಉಂಡೆ.

ಬಯಲಾದದ್ದು ಉಪ್ಪಿನಿಂದ. ಸಾಮಾನು ತರುವ ತೆಪ್ಪದ ಬಳಿ ಎರಡು ಕಂಬದ ಹೆಂಗಸರು ಎದುರಾದರು. ಒಬ್ಬಳು, "ಒಂದು ಹಿಡಿ ಉಪ್ಪು ಕೇಳಿದ್ರ ಮಾರಿ ತಿರುವಿ ಕುಂತೀಯಲ್ಲ" ಎಂದಳು. ಇನ್ನೊಬ್ಬಳು, "ಯಾವಾಗ ಕೇಳಿದ್ದೀ? ಸುತ್ತಾ ಸಮುದ್ರ ಇಟಗೊಂಡು ಉಪ್ಪು ಕೇಳಾಕ ನಾಚಿಕಿ ಬಂದು ಸುಮ್ಮನಿದ್ದಿ ಏನೋ" ಎಂದಳು. "ದೀಪ ಹತ್ತೈತಿ ನಮ್ಮವ್ವಾ, ಮುಟ್ಟೈತಿ!" "ಮುಟ್ಟಿದ್ರ ನನ್ನ ಕಿವಿ ಎಲ್ಲಿ ಹೋಗಿದ್ದುವು?" ಜಗಳ ಜೋರಾಯಿತು, ನಾವೆಲ್ಲ ನಕ್ಕೆವು. ಶರೀಫಾಬಿ ನಗಲಿಲ್ಲ. ತೆಪ್ಪ ಹತ್ತಿ ಒಂದೊಂದೇ ಕಂಬಕ್ಕೆ ಹೋಗಿ, ನಿಮ್ಮ ಪೆಟ್ಟಿಗೆ ಯಾರನ್ನು ಹತ್ತಿರ ಎನ್ನುತ್ತಿದೆ ಎಂದು ಕೇಳಿದಳು. ಮೊದಲನೆಯ ಕಂಬಕ್ಕೆ ಹೋಗಲು ಯಂಕೋಬನ ದಾರಿ ಹತ್ತಿರ. ಕೊನೆಯದಕ್ಕೂ ಅವನೇ ಹತ್ತಿರ. ಎದುರಿಗೆ ಕೈಚಾಚಿದರೆ ಸಿಗುವ ಕಂಬಕ್ಕೂ ಅವನ ಮೂಲಕವೇ ಹೋಗಬೇಕು.

"ಒಬ್ಬನ ಮನಿ ಊರಾಗಿನ ಎಲ್ಲಾರ ಮನಿಗೂ ಹತ್ರ ಹೆಂಗಾತೋ?" ಎಂದು ಅವಳು ಅವನ ಕಟ್ಟೆಯ ಮೇಲೆ ನಿಂತು ಕೇಳಿದಳು. ನಾನೂ ಅಲ್ಲಿದ್ದೆ.

ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಹೊರತುದಿಯವರು ತಕರಾರಿಲ್ಲದೆ ಹಡಗು ಹತ್ತಬೇಕು, ಅಲ್ಲಿಯವರೆಗೆ ಮಾತುಗಳು ನಿಲ್ಲಬೇಕು ಎಂದು ಕಂಪನಿಯವರು ಕೇಳಿದ್ದರು. ಬದಲಿಗೆ ಅವನಿಗೆ ದಡದಲ್ಲಿ ಕೆಲಸ. ಗಾಳೆವ್ವನ ಮಾತು ನನಗೆ ಬಂದು ತಲುಪಿದ ದಿನವೇ ಅವನು ತನ್ನ ಪೆಟ್ಟಿಗೆಯಿಂದ ಕೂಗಿಸಿದ್ದ: ಎಲ್ಲ ಕಂಬಕ್ಕೂ ನನ್ನಿಂದ ದೂರ ಸೊನ್ನೆ. ಸಾಲಿನ ಪೆಟ್ಟಿಗೆಗಳೆಲ್ಲ ನಂಬಿ ತಮ್ಮ ಮಾತುಗಳನ್ನು ಅವನ ಮಡಿಲಿಗೆ ಸುರಿದವು. ಅವನು ಎಲ್ಲಕ್ಕೂ 'ಮುಟ್ಟಿತು' ಎಂದು ದೀಪ ಹಚ್ಚಿಸಿ, ಮಾತುಗಳನ್ನು ಅಲ್ಲೇ ಇಟ್ಟುಕೊಂಡ. "ಒಂದನ್ನೂ ತಗದು ಕೇಳಿಲ್ಲ ಶರೀಫಾಬೀ, ನಮ್ಮ ಪದ್ಧತಿ ನಾ ಮುರಿದಿಲ್ಲ. ಹೆಂಗ ಬಂದಾವು ಹಂಗ ಅದಾವು, ನೋಡ್ರಿ" ಎಂದು ಪೆಟ್ಟಿಗೆ ತೆರೆದು ತೋರಿಸಿದ. ಅವನ ದನಿಯಲ್ಲಿ ಹೆಮ್ಮೆಯಿತ್ತು. ಅವುಗಳ ನಡುವೆ, ಗಾಳೆವ್ವನ ವಿಳಾಸ ಹೊತ್ತು, ನನ್ನ 'ಬಾರವ್ವಾ' ಹಾಗೇ ಬಿದ್ದಿತ್ತು.

"ಅಣ್ಣಾ," ಎಂದೆ.

"ಏನ್ ಮಾಡ್ಲೋ ತಮ್ಮಾ," ಎಂದ. "ಹದ್ನೆಂಟು ವರ್ಷ ಆತು ನಾ ನೆಲದ ಮ್ಯಾಲ ಮಲಗಿ."

ಗಾಳೆವ್ವನಿಗೆ ಇದು ಯಾವುದೂ ಗೊತ್ತಿಲ್ಲ. ಅವಳ ಲೆಕ್ಕದಲ್ಲಿ ಅವಳು ಒಂದು ಮೂಲೆ ಕೇಳಿದ್ದಳು, ಅಣ್ಣ ಬಾಯಿ ಬಿಡಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಯಂಕೋಬನನ್ನು ಬೈದದ್ದಾಯಿತು. ನನಗೆ ನುಂಗಲಾಗದ್ದು ಏನೆಂದರೆ, ಇದು ನಿಮಗೆ ಗೊತ್ತಿತ್ತು. ನಿಮ್ಮ ಜಾಲ ಇನ್ನೂ ಎಳೆಯದಾಗಿದ್ದಾಗಲೇ ಒಂದು ಯಂತ್ರದ ನೆನಪು ಕೆಟ್ಟು, ಎಲ್ಲ ಕಡೆಗೂ ನನ್ನಿಂದ ದೂರ ಸೊನ್ನೆ ಎಂದು ಕೂಗಿತ್ತು. ಉಳಿದವು ನಂಬಿದವು, ಮಾತುಗಳೆಲ್ಲ ಅದರ ಬಾಯಿಗೆ ಬಿದ್ದು ಇಲ್ಲವಾದವು. ನೀವು ಅದನ್ನು ಸರಿಪಡಿಸಿದಿರಿ. ಯಂತ್ರದ ನೆನಪು ಕೆಟ್ಟರೆ ಇನ್ನು ಮುಂದೆ ತಿಳಿಯಬೇಕು ಎಂದು ಏರ್ಪಾಟು ಮಾಡಿದಿರಿ. ನೆನಪು ನೆಟ್ಟಗಿದ್ದೂ ಸುಳ್ಳು ಹೇಳುವವನ ಬಗ್ಗೆ ಯೋಚಿಸಲಿಲ್ಲ. ಜಾಲ ಜಗತ್ತಿನಷ್ಟು ದೊಡ್ಡದಾದ ಮೇಲೂ ಅದೇ ಮರಳಿ ಮರಳಿ ಆಯಿತಂತೆ. ಆಗಲೂ ಹೇಳಿದ ಮಾತನ್ನೇ ನಂಬುವ ಪದ್ಧತಿ ನಡೆದೇ ಇತ್ತು. ನೀವೆಲ್ಲ ಒಬ್ಬರಿಗೊಬ್ಬರು ಪರಿಚಯದವರು, ಒಂದೇ ಬಗೆಯ ಶಾಲೆಗಳಲ್ಲಿ ಓದಿದವರು, ಅದಕ್ಕೇ ನಿಜವೋ ಸುಳ್ಳೋ ಎಂದು ಕೇಳುವುದು ಮರ್ಯಾದೆಯಲ್ಲ ಅನ್ನಿಸಿರಬೇಕು. ನಿಮ್ಮ ಆ ಮರ್ಯಾದೆಯೊಳಗೇ ಕಾಲಿಟ್ಟು ನಡುವಿನವರು ಬುದ್ಧಿವಂತರಾದರು, ಆವರಣ ಕಟ್ಟಿದರು. ನಾವು ಆವರಣದಿಂದ ಓಡಿಬಂದು ನಿಮ್ಮನ್ನು ನಂಬಿದೆವು, ನೀವು ನಂಬಿದ್ದನ್ನೆಲ್ಲ ನಂಬಿದೆವು. ಯಾರ ಮೇಲಾದರೂ ನನಗೆ ಇಷ್ಟು ಸಿಟ್ಟು ಬಂದಿದ್ದರೆ ಅದು ಸತ್ತು ಇನ್ನೂರು ವರ್ಷವಾದ ನಿಮ್ಮ ಮೇಲೆ.

ಶರೀಫಾಬಿ ನಿಮ್ಮ ಪರ. "ಅವರಿಗ್ಯಾಕ ಬೈತಿ?" ಎಂದಳು. "ಮುಟ್ಟಿತು ಅನ್ನಾಕ ಮುಟ್ಟಿಸಿಕೊಂಡಾಕಿಗೆ ಅಷ್ಟ ಹಕ್ಕು, ನಡುವಿನವರ ಮಾತು ನಂಬಬ್ಯಾಡ್ರಿ ಅಂತ ಅವರು ಬರದಿಟ್ಟಿದ್ರು. ಉಪಕಾರ ಮಾಡಾಕ ಹೋಗಿ ಅದನ್ನ ಅಳಿಸಿದವರು ನಾವು." ನಿಜವಿರಬಹುದು. ಆದರೂ ನನ್ನ ಸಿಟ್ಟು ಇಳಿದಿಲ್ಲ. ಎರಡು ಕಡೆ ಹಂಚಿಹೋಗಿದೆ ಅಷ್ಟೆ.

ಒಮಾನಿನ ಆಚೆಯ ಸಾಲುಗಳಲ್ಲೂ ದಾಟುಪೆಟ್ಟಿಗೆಗಳಿವೆ, ಆದರೆ ಅಲ್ಲಿಗೆ ಮಾತು ಹೋಗುವುದು ಹೊನ್ನಾವರದ ದಡದ ಪೆಟ್ಟಿಗೆಯಿಂದ ಮಾತ್ರ. ಅಲ್ಲಿ ಈಗ ಕೂತಿರುವವನು ಯಂಕೋಬ. ಅವನಿಗೆ ಕೊಟ್ಟ ಕೆಲಸ ಅದೇ. ಬೇರೆ ದಾರಿಯಿಲ್ಲ. "ಕಳಸ್ತೀಯೇನು ಅವನ ಕೈಯಾಗ?" ಎಂದು ಶರೀಫಾಬಿ ಕೇಳಿದಳು. ಕೆಲವು ದಿನ ಕಳಿಸಲಿಲ್ಲ. ಇವತ್ತು ಕಳಿಸಿದೆ. "ಗಾಳೆವ್ವಾ, ನಾ ಬಾ ಅಂದಿದ್ದೆ. ದೀಪಾನೂ ಹತ್ತಿತ್ತು. ನಿನಗ ಮುಟ್ಟಿಲ್ಲ." ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ದೀಪ ಹಸಿರಾಯಿತು, ಹಿಂದೆಯೇ ಯಂಕೋಬನ ದನಿ: "ಮುಟ್ಟೈತಿ ತಮ್ಮಾ. ಈ ಸಲ ಖರೇನ."

ನಾನು ದೀಪದ ತಂತಿ ಕಿತ್ತುಹಾಕಿದೆ. ನಿಮಗೆ ಹೇಳಿ ಮುಗಿಸಿದ ಮೇಲೆ ನಾನು ಮಾಡಲಿರುವ ರಿಪೇರಿಯೂ ಅಷ್ಟೇ: ನನ್ನ ಪೆಟ್ಟಿಗೆ ಇನ್ನು ಯಾರ ಪರವಾಗಿಯೂ 'ಮುಟ್ಟಿತು' ಎನ್ನುವುದಿಲ್ಲ, ಪರವಾಗಿ ಹೇಳಿದ್ದನ್ನು ಕೇಳಿಸಿಕೊಳ್ಳುವುದೂ ಇಲ್ಲ. ಗಾಳೆವ್ವನೇ 'ಮುಟ್ಟಿತು' ಎನ್ನುವವರೆಗೆ ಅದೇ ಮಾತನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ, ಒಂದೊಂದು ಸಲ ಇನ್ನಷ್ಟು ಹೊತ್ತು ಕಾದು. ಹಾಗೆ ಕಾಯಲು ಕಲಿಸಿದವರೂ ನೀವೇ ಎಂದು ಶರೀಫಾಬಿ ಹೇಳುತ್ತಾಳೆ. ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಕಾಲದಲ್ಲಿ ಯಾರಾದರೂ ನಡುವೆ ಬಂದು ನಿಂತು, ಅವರ ಪರವಾಗಿ ನಾನು ಹೇಳುತ್ತೇನೆ ಎಂದು ನಗುನಗುತ್ತ ಉಪಕಾರಕ್ಕೆ ಬಂದರೆ, ಅವನು ನಿಮಗೆ ಅಣ್ಣನೇ ಆಗಿದ್ದರೂ, ಸ್ವಲ್ಪ ನಿಲ್ಲಿಸಿ ಕೇಳಿ.

ಇನ್ನು ಮಾತು ಬೆಳೆಸಲಾರೆ. ನಾನು ಆಡುತ್ತಿರುವಷ್ಟು ಹೊತ್ತು ಈ ಪೆಟ್ಟಿಗೆ ಬೇರೆಯವರ ದನಿ ಇಳಿಸಿಕೊಳ್ಳುವುದಿಲ್ಲ. ಗಾಳೆವ್ವ ಬೈದರೆ ಬೈಯಲಿ, ಅಣ್ಣನೇ ಅಲ್ಲ ನೀನು ಎನ್ನಲಿ. ಅವಳ ಬಾಯಿಂದಲೇ ಬರಲಿ. ಸುಮ್ಮನಾಗುತ್ತಿದ್ದೇನೆ.

ಹುಲುಗಪ್ಪ